ಗಿನಿಪಿಗ್‌ಗೆ ಸಂತಾನಹರಣ ಶಸ್ತ್ರಚಿಕಿತ್ಸೆ: ಕಲಬುರಗಿ, ಬೀದರ್, ಯಾದಗಿರಿಯ ಸಾಕಣೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳು ಹೆಚ್ಚಾಗಿ ಬರುವುದು, ಅಂಗಡಿಯವರು "ಎರಡೂ ಹೆಣ್ಣು" ಎಂದು ಕೊಟ್ಟ ಜೋಡಿ ಎರಡು ತಿಂಗಳು ಕಳೆಯುವಷ್ಟರಲ್ಲಿ ಮರಿ ಹಾಕಿದ ಮನೆಗಳಿಂದ. ಶಸ್ತ್ರಚಿಕಿತ್ಸೆ ಮಾಡುವುದು ವೈದ್ಯರ ಕೆಲಸ. ಅದರ ಹಿಂದಿನ ವಾರ ಮತ್ತು ಮುಂದಿನ ಎರಡು ವಾರ ಪ್ರಾಣಿಯನ್ನು ನೋಡಿಕೊಳ್ಳುವುದು ಮನೆಯವರ ಕೆಲಸ. ಇಲ್ಲಿರುವ ಉತ್ತರಗಳು ಈ ಎರಡನೆಯ ಕೆಲಸಕ್ಕೆ ಸಂಬಂಧಿಸಿದವು.

ನಮ್ಮ ಜೋಡಿಗೆ ಶಸ್ತ್ರಚಿಕಿತ್ಸೆ ನಿಜವಾಗಿಯೂ ಬೇಕೇ?

ಗಂಡು ಹೆಣ್ಣು ಒಟ್ಟಿಗಿದ್ದರೆ ಬೇಕು. ಎರಡೂ ಹೆಣ್ಣಾಗಿದ್ದರೆ, ಅಥವಾ ಜಗಳವಾಡದ ಎರಡು ಗಂಡುಗಳಾಗಿದ್ದರೆ ಸಾಮಾನ್ಯವಾಗಿ ಬೇಡ. ಆದ್ದರಿಂದ ಮೊದಲು ಲಿಂಗ ಯಾವುದೆಂದು ವೈದ್ಯರಿಂದ ಖಚಿತಪಡಿಸಿಕೊಳ್ಳಿ. ಚಿಕ್ಕ ಮರಿಗಳಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ಮೇಲುನೋಟಕ್ಕೆ ತಿಳಿಯುವಂಥದ್ದಲ್ಲ, ಅಂಗಡಿಯ ಮಾತು ತಪ್ಪುವುದು ಬಹಳ ಸಾಮಾನ್ಯ. ಗಿನಿಪಿಗ್‌ನ ಗರ್ಭಾವಧಿ 59ರಿಂದ 72 ದಿನ, ಮತ್ತು ಮರಿ ಹಾಕಿದ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಗರ್ಭ ಧರಿಸಬಲ್ಲದು. ಹೆಣ್ಣುಮರಿಗಳು ಸುಮಾರು ನಾಲ್ಕು ವಾರಕ್ಕೇ ಗರ್ಭ ಧರಿಸುವ ಸಾಧ್ಯತೆ ಇರುವುದರಿಂದ, ಗಂಡುಮರಿಗಳನ್ನು ಮೂರು ವಾರ ತುಂಬುತ್ತಲೇ ತಾಯಿ ಮತ್ತು ಅಕ್ಕತಂಗಿಯರಿಂದ ಬೇರ್ಪಡಿಸಬೇಕು. ಮರಿ ಹಾಕಿದ ತಾಯಿಯ ಬಳಿ ಗಂಡನ್ನು ಬಿಟ್ಟುಕೊಂಡು "ಮುಂದಿನ ತಿಂಗಳು ಆಪರೇಷನ್ ಮಾಡಿಸೋಣ" ಎಂದು ಕಾಯುವುದಕ್ಕೆ ಅರ್ಥವಿಲ್ಲ; ಇಂದೇ ಬೇರೆ ಪೆಟ್ಟಿಗೆಗೆ ಹಾಕಿ, ಆಮೇಲೆ ನಿಧಾನವಾಗಿ ಯೋಚಿಸಿ.

ಗಂಡಿಗೆ ಮಾಡಿಸಬೇಕೋ, ಹೆಣ್ಣಿಗೋ?

ಉದ್ದೇಶ ಮರಿಗಳಾಗದಂತೆ ತಡೆಯುವುದಷ್ಟೇ ಆದರೆ ಗಂಡಿಗೆ. ಗಂಡಿನಲ್ಲಿ ವೃಷಣಗಳನ್ನು ತೆಗೆಯುವುದು ಹೊಟ್ಟೆಯೊಳಗಿನ ಅಂಗಾಂಗಗಳಿಗೆ ಕೈ ಹಾಕದೆ ಮುಗಿಸಬಹುದಾದ ಕೆಲಸ. ಹೆಣ್ಣಿನಲ್ಲಿ ಅಂಡಾಶಯ ಅಥವಾ ಅಂಡಾಶಯ ಮತ್ತು ಗರ್ಭಕೋಶ ಎರಡನ್ನೂ ತೆಗೆಯಬೇಕಾಗುತ್ತದೆ. ಅರಿವಳಿಕೆಯ ಅವಧಿ ಹೆಚ್ಚು, ನೋವು ಹೆಚ್ಚು, ಚೇತರಿಕೆಯೂ ನಿಧಾನ. ಹೆಣ್ಣಿಗೆ ಶಸ್ತ್ರಚಿಕಿತ್ಸೆಯ ಮಾತು ಬರುವುದು ಹೆಚ್ಚಾಗಿ ರೋಗದ ಕಾರಣಕ್ಕೆ. ವಯಸ್ಸಾದ ಹೆಣ್ಣುಗಳಲ್ಲಿ ಅಂಡಾಶಯದಲ್ಲಿ ನೀರುಗುಳ್ಳೆಗಳಾಗುವುದು ಸಾಮಾನ್ಯ. ಎರಡೂ ಪಕ್ಕೆಗಳಲ್ಲಿ ಒಂದೇ ರೀತಿಯಾಗಿ ಕೂದಲು ಉದುರುವುದು, ಹೊಟ್ಟೆ ದಪ್ಪವಾಗುವುದು, ಸ್ವಭಾವ ಸಿಡುಕಾಗುವುದು ಇದರ ಲಕ್ಷಣಗಳು. ಅಂಥಲ್ಲಿ ವೈದ್ಯರು ಸ್ಕ್ಯಾನ್ ಮಾಡಿ ನಿರ್ಧರಿಸುತ್ತಾರೆ.

ಒಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ಆರೇಳು ತಿಂಗಳು ದಾಟಿದರೂ ಒಮ್ಮೆಯೂ ಮರಿ ಹಾಕದ ಹೆಣ್ಣು ಆಮೇಲೆ ಗರ್ಭ ಧರಿಸಿದರೆ, ಅದರ ಸೊಂಟದ ಮೂಳೆಯ ಸಂಧಿ ಬಿಗಿಯಾಗಿ, ಹೆರಿಗೆಯ ಹೊತ್ತಿಗೆ ಬೇಕಾದಷ್ಟು ಹಿಗ್ಗದೆ ತಾಯಿಯೂ ಮರಿಗಳೂ ಸಾಯುವ ಅಪಾಯವಿದೆ. "ಒಮ್ಮೆ ಮರಿ ಹಾಕಲಿ, ಆಮೇಲೆ ನೋಡೋಣ" ಎನ್ನುವ ಮನೆಯ ಹಿರಿಯರಿಗೆ ಈ ಮಾತನ್ನು ತಿಳಿಸಿ.

ಹೋರಿಗಳಿಗೆ ಮಾಡುವಂತೆ ಇಕ್ಕಳದಿಂದ ಒತ್ತಿ ಮಾಡಿಸಬಹುದೇ?

ಖಂಡಿತ ಬೇಡ. ನಮ್ಮ ಭಾಗದಲ್ಲಿ ಹೋರಿಗಳಿಗೆ ಬೀಜ ಒಡೆಸುವುದನ್ನು ನೋಡಿ ಬೆಳೆದವರು ಈ ಪ್ರಶ್ನೆ ಕೇಳುವುದು ಸಹಜ. ಆದರೆ ಗಿನಿಪಿಗ್‌ನ ದೇಹರಚನೆ ಬೇರೆ. ಅದರ ತೊಡೆಸಂದಿನ ದ್ವಾರ ಜೀವನಪೂರ್ತಿ ಅಗಲವಾಗಿ ತೆರೆದೇ ಇರುತ್ತದೆ, ವೃಷಣಗಳು ಬೇಕೆಂದಾಗ ಹೊಟ್ಟೆಯೊಳಗೆ ಸರಿದುಕೊಳ್ಳುತ್ತವೆ. ವೃಷಣವನ್ನು ತೆಗೆದ ಮೇಲೆ ಆ ದ್ವಾರವನ್ನು ಸರಿಯಾಗಿ ಮುಚ್ಚದಿದ್ದರೆ ಕರುಳು ಅಥವಾ ಕೊಬ್ಬು ಹೊರಗೆ ಜಾರಿ ಬರಬಹುದು. ಆದ್ದರಿಂದ ಇದು ಪೂರ್ಣ ಅರಿವಳಿಕೆ ಕೊಟ್ಟು, ನೋಂದಾಯಿತ ಪಶುವೈದ್ಯರೇ ಮಾಡಬೇಕಾದ ಶಸ್ತ್ರಚಿಕಿತ್ಸೆ.

ಯಾವ ವಯಸ್ಸಿನಲ್ಲಿ ಮಾಡಿಸುವುದು ಒಳ್ಳೆಯದು?

ಬಹಳಷ್ಟು ವೈದ್ಯರು ನಾಲ್ಕರಿಂದ ಆರು ತಿಂಗಳ, ಚೆನ್ನಾಗಿ ತೂಕ ಬಂದ ಗಂಡನ್ನು ಆರಿಸಿಕೊಳ್ಳುತ್ತಾರೆ. ಗಿನಿಪಿಗ್‌ನ ಆಯಸ್ಸು ಸಾಮಾನ್ಯವಾಗಿ ಐದರಿಂದ ಎಂಟು ವರ್ಷ. ಮೂರು ನಾಲ್ಕು ವರ್ಷ ದಾಟಿದ, ಬೊಜ್ಜು ಬಂದ ಅಥವಾ ಉಸಿರಾಟದ ತೊಂದರೆಯಿರುವ ಪ್ರಾಣಿಗೆ ಅರಿವಳಿಕೆಯ ಅಪಾಯ ಹೆಚ್ಚು. ಅಂಥ ಗಂಡನ್ನು ಬೇರೆ ಇಟ್ಟು, ಜಾಲರಿಯ ಆಚೆ ಜೊತೆಗಾರನನ್ನು ಕೊಟ್ಟು ಸಾಕುವುದೇ ಹೆಚ್ಚು ಸುರಕ್ಷಿತ.

ಎಲ್ಲಿ ಮಾಡಿಸಬೇಕು? ವೈದ್ಯರನ್ನು ಏನು ಕೇಳಬೇಕು?

ನಮ್ಮ ಮೂರು ಜಿಲ್ಲೆಗಳ ಪಶು ಆಸ್ಪತ್ರೆಗಳ ಕೆಲಸದ ಬಹುಪಾಲು ದನ, ಎಮ್ಮೆ, ಆಡು, ಕುರಿ, ನಾಯಿಗಳಿಗೆ ಸಂಬಂಧಿಸಿದ್ದು. ಗಿನಿಪಿಗ್‌ಗೆ ಅರಿವಳಿಕೆ ಕೊಟ್ಟ ಅನುಭವ ಎಲ್ಲ ವೈದ್ಯರಿಗೂ ಇರುವುದಿಲ್ಲ, ಇಲ್ಲದಿರುವುದು ಅವರ ತಪ್ಪೂ ಅಲ್ಲ. ಬೀದರ್‌ನ ನಂದಿನಗರದಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರವಿದ್ದು, ಬೀದರ್‌ನಲ್ಲಿಯೇ ಪಶುವೈದ್ಯಕೀಯ ಕಾಲೇಜೂ ಇದೆ. ವಿಚಾರಿಸಲು ಅದು ಒಳ್ಳೆಯ ಮೊದಲ ಜಾಗ. ಅಲ್ಲಿ ಆಗದಿದ್ದರೆ ಸಣ್ಣ ಪ್ರಾಣಿಗಳಿಗೆಂದೇ ಚಿಕಿತ್ಸೆ ಕೊಡುವವರನ್ನು ಹುಡುಕಿಕೊಂಡು ನಮ್ಮ ಭಾಗದವರು ಹೈದರಾಬಾದ್‌ಗೆ ಹೋಗುವುದುಂಟು. ಎಲ್ಲಿಗೇ ಆದರೂ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳದೆ ಪ್ರಾಣಿಯನ್ನು ಹೊತ್ತುಕೊಂಡು ಹೊರಡಬೇಡಿ.

ಫೋನಿನಲ್ಲಿ ಕೇಳಬೇಕಾದುದು ಹೆಚ್ಚೇನಿಲ್ಲ. ಗಿನಿಪಿಗ್ ಅಥವಾ ಮೊಲಕ್ಕೆ ಈ ಶಸ್ತ್ರಚಿಕಿತ್ಸೆಯನ್ನು ಮೊದಲು ಮಾಡಿದ್ದೀರಾ; ಐಸೋಫ್ಲೂರೇನ್‌ನಂಥ ಅನಿಲದ ಅರಿವಳಿಕೆ ಇದೆಯೇ, ಇಲ್ಲವೇ ಚುಚ್ಚುಮದ್ದೇ; ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಮೈ ಬೆಚ್ಚಗಿಡಲು ಏನು ವ್ಯವಸ್ಥೆ; ನೋವು ನಿವಾರಕ ಎಷ್ಟು ದಿನ ಕೊಡುತ್ತೀರಿ; ತೊಡೆಸಂದಿನ ದ್ವಾರವನ್ನು ಹೇಗೆ ಮುಚ್ಚುತ್ತೀರಿ. ಇವಿಷ್ಟಕ್ಕೆ ನೇರವಾಗಿ ಉತ್ತರಿಸುವ ವೈದ್ಯರ ಮೇಲೆ ಭರವಸೆ ಇಡಬಹುದು. ಕೆಲವರು ವೃಷಣಚೀಲದ ಮೇಲೆ ಕೊಯ್ಯುತ್ತಾರೆ, ಕೆಲವರು ಕೆಳಹೊಟ್ಟೆಯ ನಡುವೆ ಒಂದೇ ಗಾಯ ಮಾಡುತ್ತಾರೆ. ಎರಡನೆಯ ಕ್ರಮದಲ್ಲಿ ಗಾಯ ನೆಲಕ್ಕೆ ಉಜ್ಜುವುದು ಕಡಿಮೆಯಾದ್ದರಿಂದ ಕೀವಾಗುವ ಸಂಭವವೂ ಕಡಿಮೆ ಎನ್ನುತ್ತಾರೆ. ಆದರೂ ವೈದ್ಯರಿಗೆ ಕೈ ಪಳಗಿದ ಕ್ರಮವನ್ನೇ ಅವರು ಅನುಸರಿಸಲಿ.

ಬೇಸಿಗೆಯಲ್ಲಿ ಮಾಡಿಸಬಹುದೇ?

ತುರ್ತಿಲ್ಲದಿದ್ದರೆ ಮಾಡಿಸಬೇಡಿ. ಗಿನಿಪಿಗ್‌ಗೆ ಹಿತವಾದ ಉಷ್ಣಾಂಶ 18ರಿಂದ 24 ಡಿಗ್ರಿ ಸೆಲ್ಸಿಯಸ್. 27 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರುವಾಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ, ಯಾದಗಿರಿಗಳಲ್ಲಿ 42 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಆ ಬಿಸಿಲಿನಲ್ಲಿ ಆರೋಗ್ಯವಾಗಿರುವ ಪ್ರಾಣಿಯನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ, ಹೊಲಿಗೆ ಹಾಕಿದ ಪ್ರಾಣಿಯ ಮಾತಂತೂ ಬೇರೆಯೇ. ಮಳೆಗಾಲದಲ್ಲಿ ನೊಣಗಳ ಕಾಟ. ಗಾಯದ ಮೇಲೆ ನೊಣ ಕುಳಿತು ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ ಬೀಳಬಹುದು. ನವೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲ ನಮ್ಮ ಭಾಗಕ್ಕೆ ಎಲ್ಲಕ್ಕಿಂತ ಅನುಕೂಲ. ಬೀದರ್‌ನ ಚಳಿಗಾಲದ ರಾತ್ರಿಗಳು ಮಾತ್ರ ಚೆನ್ನಾಗಿಯೇ ಕೊರೆಯುತ್ತವೆ, ಆ ದಿನಗಳಲ್ಲಿ ಪೆಟ್ಟಿಗೆ ಮನೆಯೊಳಗೇ ಇರಬೇಕು.

ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಉಪವಾಸ ಕೆಡವಬೇಕೇ?

ಬೇಡ. ಅತಿ ಹೆಚ್ಚು ತಪ್ಪಾಗುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ. ಮನುಷ್ಯರಿಗೂ ನಾಯಿಗಳಿಗೂ ಅರಿವಳಿಕೆಗೆ ಮೊದಲು ಹೊಟ್ಟೆ ಖಾಲಿಯಿರಲಿ ಎನ್ನುವುದು ವಾಂತಿಯಾಗಿ ಶ್ವಾಸನಾಳಕ್ಕೆ ಹೋಗಬಾರದೆಂಬ ಕಾರಣಕ್ಕೆ. ಗಿನಿಪಿಗ್‌ಗೆ ವಾಂತಿ ಮಾಡಲು ಬರುವುದಿಲ್ಲ. ಅದರ ಕರುಳು ಹಗಲು ರಾತ್ರಿ ನಾರಿನ ಮೇವನ್ನು ಮುಂದಕ್ಕೆ ತಳ್ಳುತ್ತಲೇ ಇರಬೇಕು. ಮೇವು ನಿಂತರೆ ಕರುಳಿನ ಚಲನೆ ನಿಧಾನವಾಗಿ, ಗಾಳಿ ತುಂಬಿ, ಒಳಗಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಕೆಟ್ಟವು ಹೆಚ್ಚಿಕೊಳ್ಳುತ್ತವೆ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿದ್ದರೂ ಮೂರನೆಯ ದಿನ ಪ್ರಾಣಿ ಸಾಯುವುದು ಬಹಳ ಸಲ ಗಾಯದಿಂದಲ್ಲ, ನಿಂತುಹೋದ ಈ ಕರುಳಿನಿಂದ.

ಕೆಲವು ವೈದ್ಯರು ಬಾಯಲ್ಲಿ ಮೇವು ಉಳಿಯದಿರಲಿ ಎಂದು ಒಂದೆರಡು ಗಂಟೆ ಮಾತ್ರ ತಿನ್ನಲು ಕೊಡಬೇಡಿ ಎನ್ನುತ್ತಾರೆ, ಅದನ್ನು ಪಾಲಿಸಿ. ರಾತ್ರಿಯಿಡೀ ಉಪವಾಸ ಎಂದು ಯಾರಾದರೂ ಹೇಳಿದರೆ, ನಾಯಿಗೆ ಕೊಡುವ ಸೂಚನೆಯನ್ನೇ ಅಭ್ಯಾಸಬಲದಿಂದ ಹೇಳಿದರೇ ಎಂದು ವಿನಯದಿಂದ ಇನ್ನೊಮ್ಮೆ ಕೇಳಿ ನೋಡಿ. ನೀರನ್ನಂತೂ ತಡೆಯಬೇಕಾಗಿಲ್ಲ.

ಹಿಂದಿನ ವಾರ ಮನೆಯಲ್ಲಿ ಏನು ಸಿದ್ಧತೆ ಮಾಡಿಕೊಳ್ಳಬೇಕು?

ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಪ್ರತಿದಿನ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಟ್ಟುಕೊಳ್ಳಿ. ಶಸ್ತ್ರಚಿಕಿತ್ಸೆಯ ನಂತರ ಏರುಪೇರು ತಿಳಿಯಲು ಈ ಲೆಕ್ಕವೇ ಆಧಾರ. ದಿನಕ್ಕೆ ಸುಮಾರು ಎಷ್ಟು ಹಿಕ್ಕೆ ಹಾಕುತ್ತದೆ, ಅವು ಎಷ್ಟು ದಪ್ಪ ಎಂಬುದನ್ನೂ ಗಮನಿಸಿ. ಸಿರಿಂಜ್‌ನಿಂದ ನೀರು ಕುಡಿಯುವುದನ್ನು ಈಗಲೇ ಅಭ್ಯಾಸ ಮಾಡಿಸಿದರೆ ಆಮೇಲೆ ಒದ್ದಾಟ ಕಡಿಮೆ.

ಮರದ ಹೊಟ್ಟು, ಭತ್ತದ ಹೊಟ್ಟುಗಳನ್ನು ಪೆಟ್ಟಿಗೆಯಿಂದ ತೆಗೆದುಬಿಡಿ, ಅವು ಗಾಯಕ್ಕೆ ಅಂಟುತ್ತವೆ. ಹಳೆಯ ಹತ್ತಿಯ ಲುಂಗಿ, ಟವೆಲ್, ಮೆತ್ತನೆಯ ಚಾದರದ ತುಂಡುಗಳನ್ನು ಒಗೆದು, ಬಿಸಿಲಿಗೆ ಒಣಗಿಸಿ, ಬದಲಾಯಿಸಲು ಸಾಕಾಗುವಷ್ಟು ಇಟ್ಟುಕೊಳ್ಳಿ. ನೂಲು ಕಿತ್ತುಬರುವ ಬಟ್ಟೆ ಬೇಡ, ಕಾಲಿಗೆ ಸುತ್ತಿಕೊಳ್ಳುತ್ತದೆ.

ಗಿನಿಪಿಗ್‌ನ ದೇಹ ಸಿ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳಲಾರದು, ಮತ್ತು ಗಾಯ ಮಾಯಲು ಅದು ಬೇಕೇ ಬೇಕು. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 10ರಿಂದ 30 ಮಿಲಿಗ್ರಾಂ ಸಾಮಾನ್ಯ ಪ್ರಮಾಣ. ಚೇತರಿಕೆಯ ದಿನಗಳಲ್ಲಿ ಹೆಚ್ಚಿನ ಅಳತೆಯನ್ನು ವೈದ್ಯರು ಹೇಳುತ್ತಾರೆ. ನೂರು ಗ್ರಾಂ ಹಸಿರು ದೊಣ್ಣೆ ಮೆಣಸಿನಕಾಯಿಯಲ್ಲಿ ಸುಮಾರು 80 ಮಿಲಿಗ್ರಾಂ ಇರುವುದರಿಂದ ದಿನಕ್ಕೆ ಒಂದೆರಡು ಹೋಳು ಕೊಡುವುದು ಸುಲಭದ ದಾರಿ. ಪೇರಲ ಹಣ್ಣಿನ ಚಿಕ್ಕ ತುಂಡು, ಕೊತ್ತಂಬರಿ ಸೊಪ್ಪು ಕೂಡ ಆಗುತ್ತವೆ. ನೀರಿನ ಬಾಟಲಿಗೆ ಜೀವಸತ್ವದ ಹನಿ ಹಾಕುವುದರಿಂದ ಪ್ರಯೋಜನ ಕಡಿಮೆ: ಬೆಳಕು ತಾಗಿದರೆ ಅದು ಬೇಗ ಕೆಡುತ್ತದೆ, ನೀರಿನ ರುಚಿ ಬದಲಾದರೆ ಪ್ರಾಣಿ ನೀರು ಕುಡಿಯುವುದನ್ನೇ ಬಿಡುತ್ತದೆ.

ಹುಲ್ಲಿನ ಬದಲು ಜೋಳದ ಮೇವು ಕೊಡಬಹುದೇ?

ಆಹಾರದಲ್ಲಿ ಮುಖ್ಯವಾಗಿ ಇರಬೇಕಾದದ್ದು ಧೂಳು, ಬೂಷ್ಟು ಇಲ್ಲದ ಒಣಹುಲ್ಲು ಮತ್ತು ತೊಳೆದ ಹಸಿ ಗರಿಕೆ. ಎಳೆಯ ಹಸಿ ಜೋಳದ ಗಿಡವನ್ನು ಎಂದಿಗೂ ಹಾಕಬೇಡಿ. ದನಗಳನ್ನೇ ಕೊಲ್ಲುವ ಸಯನೈಡ್ ವಿಷ ಎಳೆಯ ಜೋಳದಲ್ಲಿರುವುದು ನಮ್ಮ ರೈತರಿಗೆಲ್ಲ ಗೊತ್ತಿರುವ ಸಂಗತಿ. ಒಣಗಿದ ಕಣಿಕೆಯ ದಂಟು ಒರಟು, ಶಸ್ತ್ರಚಿಕಿತ್ಸೆಯಾದ ಪ್ರಾಣಿ ಅದನ್ನು ಅಗಿಯಲಾರದು. ಕುದುರೆ ಮೆಂತ್ಯೆಯಲ್ಲಿ ಸುಣ್ಣದ ಅಂಶ ಹೆಚ್ಚು, ಬೆಳೆದ ಗಂಡಿಗೆ ದಿನವೂ ಕೊಟ್ಟರೆ ಮೂತ್ರಕೋಶದಲ್ಲಿ ಕಲ್ಲಾಗಬಹುದು. ಆದರೆ ಏನನ್ನೂ ಮುಟ್ಟದ ಪ್ರಾಣಿಗೆ ಮೊದಲೆರಡು ದಿನ ರುಚಿ ಹತ್ತಿಸಲು ಸ್ವಲ್ಪ ಕೊಟ್ಟರೆ ಅಡ್ಡಿಯಿಲ್ಲ.

ಬಸ್ಸು, ರೈಲಿನಲ್ಲಿ ಕರೆದೊಯ್ಯುವಾಗ ಏನು ಎಚ್ಚರ ವಹಿಸಬೇಕು?

ಕಲಬುರಗಿಯಿಂದ ಹುಮನಾಬಾದ್ ಮಾರ್ಗವಾಗಿ ಬೀದರ್ ಸುಮಾರು 110 ಕಿಲೋಮೀಟರ್. 2017ರಲ್ಲಿ ಆರಂಭವಾದ ರೈಲುಮಾರ್ಗವೂ ಇದೆ. ಬೆಳಗಿನ ತಂಪಿನಲ್ಲಿ ಹೊರಡಿ. ಗಾಳಿಯಾಡುವ ಗಟ್ಟಿ ಪೆಟ್ಟಿಗೆಯಲ್ಲಿ ಟವೆಲ್ ಹಾಸಿ, ಹುಲ್ಲು ಮತ್ತು ಸೌತೆಕಾಯಿಯ ಹೋಳು ಇಟ್ಟು, ತೊಡೆಯ ಮೇಲೆ ಅಥವಾ ಕಾಲ ಬಳಿ ಇಟ್ಟುಕೊಳ್ಳಿ. ಬಸ್ಸಿನ ಎಂಜಿನ್ ಪಕ್ಕದ ಜಾಗ ಬಿಸಿ, ಅಲ್ಲಿ ಬೇಡ. ಹಿಂದಿರುಗುವಾಗ ಪ್ರಾಣಿ ಪೂರ್ತಿ ಎಚ್ಚರವಾಗಿ, ತಾನಾಗಿಯೇ ಏನನ್ನಾದರೂ ತಿಂದ ಮೇಲೆಯೇ ಆಸ್ಪತ್ರೆ ಬಿಡುವುದು ಒಳ್ಳೆಯದು. ದೂರದೂರಿನವರು ಆ ರಾತ್ರಿ ಅಲ್ಲಿಯೇ ನೆಂಟರ ಮನೆಯಲ್ಲಿ ಉಳಿಯುವ ಏರ್ಪಾಡು ಮಾಡಿಕೊಂಡರೆ ತುರ್ತು ಬಂದರೆ ವೈದ್ಯರು ಹತ್ತಿರವೇ ಇರುತ್ತಾರೆ.

ಮನೆಗೆ ಬಂದ ಮೊದಲ ರಾತ್ರಿ ಏನು ಮಾಡಬೇಕು?

ಮೈ ಬೆಚ್ಚಗಿರಬೇಕು, ಬಿಸಿಯಾಗಬಾರದು. ಬಿಸಿನೀರಿನ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಮೂಲೆಯಲ್ಲಿಡಿ, ಬೇಡವೆನಿಸಿದರೆ ಅದು ಇನ್ನೊಂದು ಮೂಲೆಗೆ ಸರಿಯುವಷ್ಟು ಜಾಗವಿರಲಿ. ಕೂಲರ್ ಅಥವಾ ಫ್ಯಾನಿನ ಗಾಳಿ ನೇರವಾಗಿ ಮೈಮೇಲೆ ಬೀಳಬಾರದು. ಮಹಡಿ, ಇಳಿಜಾರು ಹಲಗೆ ಇದ್ದರೆ ತೆಗೆದುಬಿಡಿ. ಮಕ್ಕಳು ಎತ್ತಿಕೊಳ್ಳುವುದು, ನೋಡಲು ಬಂದವರಿಗೆ ತೋರಿಸುವುದು ಈ ವಾರ ಬೇಡ. ರಾತ್ರಿ ಎರಡು ಮೂರು ಸಲ ಎದ್ದು, ತಿಂದಿದೆಯೇ, ಹಿಕ್ಕೆ ಹಾಕಿದೆಯೇ, ಮೂತ್ರ ಮಾಡಿದೆಯೇ, ಬಟ್ಟೆಯ ಮೇಲೆ ರಕ್ತ ಇದೆಯೇ ಎಂದು ನೋಡಲೇಬೇಕು.

ತಿನ್ನುತ್ತಿಲ್ಲ. ಎಷ್ಟು ಹೊತ್ತು ಕಾಯಬಹುದು?

ಕಾಯಬೇಡಿ. ಎಚ್ಚರವಾದ ಕೆಲವೇ ಗಂಟೆಗಳಲ್ಲಿ ಹುಲ್ಲನ್ನಾದರೂ ಕಡಿಯಬೇಕು. ಇಲ್ಲದಿದ್ದರೆ ಸಿರಿಂಜ್‌ನಿಂದ ಉಣಿಸಲು ಶುರು ಮಾಡಿ, ವೈದ್ಯರಿಗೆ ತಿಳಿಸಿ. 12 ಗಂಟೆಯಾದರೂ ತಾನಾಗಿ ಏನನ್ನೂ ತಿನ್ನದಿದ್ದರೆ ಅದು ತುರ್ತು ಪರಿಸ್ಥಿತಿ. ಇಂಥ ಪ್ರಾಣಿಗಳಿಗೆಂದೇ ಸಿಗುವ ಚೇತರಿಕೆಯ ಪುಡಿಯನ್ನು ಮೊದಲೇ ತರಿಸಿಟ್ಟುಕೊಳ್ಳುವುದು ಉತ್ತಮ. ಸಿಗದಿದ್ದರೆ ಅದು ದಿನವೂ ತಿನ್ನುವ ಗಿನಿಪಿಗ್ ಪೆಲೆಟ್‌ಗಳನ್ನೇ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ನುಣ್ಣಗೆ ಕಿವುಚಿ ಕೊಡಬಹುದು. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 50ರಿಂದ 80 ಮಿಲಿಲೀಟರ್, ಅದನ್ನು ಮೂರು ನಾಲ್ಕು ಗಂಟೆಗೊಮ್ಮೆ ಹಂಚಿ ಕೊಡಬೇಕು.

ಉಣಿಸುವಾಗ ಪ್ರಾಣಿಯನ್ನು ಎಂದಿಗೂ ಅಂಗಾತ ಮಲಗಿಸಬೇಡಿ. ಟವೆಲ್‌ನಲ್ಲಿ ಸುತ್ತಿ, ನಾಲ್ಕೂ ಕಾಲಿನ ಮೇಲೆ ಕೂರಿಸಿ, ಮುಂದಿನ ಹಲ್ಲುಗಳ ಹಿಂದಿನ ಸಂದಿಯಿಂದ ಸಿರಿಂಜ್‌ನ ತುದಿಯನ್ನು ಪಕ್ಕದಿಂದ ಒಳಗಿಟ್ಟು, ಒಂದು ಮಿಲಿಲೀಟರ್‌ಗಿಂತ ಹೆಚ್ಚಿಲ್ಲದಂತೆ ಬಿಟ್ಟು, ಅಗಿದು ನುಂಗುವವರೆಗೆ ಕಾಯಿರಿ. ಆತುರಪಟ್ಟರೆ ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಡೋಲಿನಂತೆ ಬಿಗಿದುಕೊಂಡಿದ್ದರೆ ಮಾತ್ರ ಬಲವಂತವಾಗಿ ಉಣಿಸದೆ ನೇರವಾಗಿ ಆಸ್ಪತ್ರೆಗೆ ಹೊರಡಿ. ಅನ್ನದ ಗಂಜಿ, ಹಾಲು, ಬಿಸ್ಕತ್ತು, ನೆನೆಸಿದ ರೊಟ್ಟಿ ಯಾವುದೂ ಬೇಡ.

ಔಷಧಗಳ ವಿಷಯದಲ್ಲಿ ಏನು ನೆನಪಿಡಬೇಕು?

ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಕ್ಲಿಂಡಾಮೈಸಿನ್, ಎರಿತ್ರೋಮೈಸಿನ್ ಇವು ಗಿನಿಪಿಗ್‌ಗೆ ಮಾರಕವಾಗಬಲ್ಲವು, ಯಾಕೆಂದರೆ ಇವು ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ವಿಷಕಾರಿ ಬ್ಯಾಕ್ಟೀರಿಯಾಗಳಿಗೆ ದಾರಿ ಮಾಡಿಕೊಡುತ್ತವೆ. ದನಗಳಿಗೆ ಸಾಮಾನ್ಯವಾಗಿ ಕೊಡುವ ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್ ಕೂಡಿದ ಚುಚ್ಚುಮದ್ದೂ ಇದೇ ಪಟ್ಟಿಗೆ ಸೇರುತ್ತದೆ. ಆ್ಯಂಟಿಬಯಾಟಿಕ್ ಬೇಕಾದರೆ ಎನ್ರೋಫ್ಲಾಕ್ಸಾಸಿನ್ ಅಥವಾ ಟ್ರೈಮಿಥೊಪ್ರಿಮ್–ಸಲ್ಫಾ ಬಳಸುವುದು ರೂಢಿ. ನೋವಿಗೆ ಮೆಲಾಕ್ಸಿಕಾಮ್ ಕೊಡುತ್ತಾರೆ. ವೈದ್ಯರು ಬರೆದಷ್ಟು ದಿನ ಅದನ್ನು ಕೊಡಿ, ಮೂರನೆಯ ದಿನ ಚುರುಕಾಗಿ ಕಂಡಿತೆಂದು ನಿಲ್ಲಿಸಬೇಡಿ. ನೋವಿರುವ ಪ್ರಾಣಿ ತಿನ್ನುವುದಿಲ್ಲ, ತಿನ್ನದಿದ್ದರೆ ಕರುಳು ನಿಲ್ಲುತ್ತದೆ. ಮನೆಯಲ್ಲಿರುವ ಜ್ವರದ ಮಾತ್ರೆ, ಮೈಕೈ ನೋವಿನ ಮಾತ್ರೆಯನ್ನು ಪುಡಿ ಮಾಡಿ ಕೊಡುವ ಸಾಹಸ ಬೇಡ.

ಗಾಯಕ್ಕೆ ಅರಿಶಿನ ಹಚ್ಚಬಹುದೇ?

ಹಚ್ಚಬೇಡಿ. ಅರಿಶಿನ, ಕೊಬ್ಬರಿ ಎಣ್ಣೆ, ಬೇವಿನ ಎಣ್ಣೆ ಯಾವುದನ್ನೇ ಹಚ್ಚಿದರೂ ಪ್ರಾಣಿ ಅದನ್ನು ನೆಕ್ಕಲು ಹೋಗಿ ಹೊಲಿಗೆಯನ್ನು ಕಚ್ಚುತ್ತದೆ. ಜೊತೆಗೆ ಅರಿಶಿನದ ಬಣ್ಣದಡಿ ಗಾಯ ಕೆಂಪಾಗಿದೆಯೋ ಇಲ್ಲವೋ ನಮಗೂ ಕಾಣುವುದಿಲ್ಲ. ಗಾಯ ಒಣಗಿ, ಸ್ವಚ್ಛವಾಗಿದ್ದರೆ ಮುಟ್ಟದಿರುವುದೇ ಉಪಚಾರ. ಸ್ನಾನ ಬೇಡವೇ ಬೇಡ. ಗಾಯ ನೆಕ್ಕದಿರಲೆಂದು ನಾಯಿಗೆ ಹಾಕುವಂಥ ಅಗಲವಾದ ಕೊರಳಪಟ್ಟಿ ಹಾಕಿದರೆ ಹೆಚ್ಚಿನ ಗಿನಿಪಿಗ್‌ಗಳು ಗಾಬರಿಗೊಂಡು ಮೇವು ಬಿಡುತ್ತವೆ, ವೈದ್ಯರು ಹೇಳಿದರೆ ಮಾತ್ರ ಹಾಕಿ.

ಊದಿಕೊಂಡಿದೆ. ಇದು ಸಹಜವೇ?

ಮೊದಲ ಮೂರು ನಾಲ್ಕು ದಿನ ವೃಷಣಚೀಲ ಸ್ವಲ್ಪ ಊದಿರುವುದು ಸಹಜ, ದಿನದಿಂದ ದಿನಕ್ಕೆ ಇಳಿಯಬೇಕು. ಇಳಿದದ್ದು ಮತ್ತೆ ಏರಿದರೆ, ಒಂದು ಕಡೆ ಗಟ್ಟಿ ಗಂಟು ಸಿಕ್ಕರೆ, ಬಿಸಿಯಾಗಿದ್ದರೆ ಅಥವಾ ದುರ್ವಾಸನೆ ಬಂದರೆ ಕೀವು ಕಟ್ಟುತ್ತಿದೆ ಎಂದರ್ಥ. ಗಂಡುಗಳಲ್ಲಿ ಈ ಶಸ್ತ್ರಚಿಕಿತ್ಸೆಯ ನಂತರ ಕಾಣುವ ತೊಂದರೆಗಳಲ್ಲಿ ಇದು ಮುಖ್ಯವಾದುದು, ವಾರ ಹತ್ತು ದಿನ ಕಳೆದ ಮೇಲೂ ಬರಬಹುದು. ಗಿನಿಪಿಗ್‌ನ ಕೀವು ಬೆಣ್ಣೆಯಷ್ಟು ಗಟ್ಟಿಯಾಗಿರುವುದರಿಂದ ಮಾತ್ರೆಯಿಂದಷ್ಟೇ ಕರಗುವುದಿಲ್ಲ, ವೈದ್ಯರು ಕೊಯ್ದು ತೊಳೆಯಬೇಕಾಗುತ್ತದೆ, ಮನೆಯಲ್ಲಿ ಹಿಸುಕಬೇಡಿ. ಮೆತ್ತಗಿನ, ಒತ್ತಿದರೆ ಒಳಹೋಗುವ ಉಬ್ಬು ಕಂಡರೆ ಅದು ಕರುಳಿರಬಹುದು, ಅದೇ ಹೊತ್ತಿಗೆ ಹೊರಡಬೇಕು. ಬೆನ್ನು ಗೂನು ಮಾಡಿಕೊಂಡು, ಮೈಗೂದಲು ನಿಮಿರಿಸಿ, ಹಲ್ಲು ಕಡಿಯುತ್ತ ಮೂಲೆ ಹಿಡಿದು ಕೂರುವುದು ನೋವಿನ ಗುರುತು. ತೂಕ ಹತ್ತರಲ್ಲಿ ಒಂದು ಪಾಲಿನಷ್ಟು ಇಳಿದರೂ ತಡ ಮಾಡಬೇಡಿ. ಕರಗದ ಹೊಲಿಗೆ ಹಾಕಿದ್ದರೆ ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ತೆಗೆಯುತ್ತಾರೆ, ಅಲ್ಲಿಯವರೆಗೆ ಬಟ್ಟೆಯ ಹಾಸೇ ಇರಲಿ ಮತ್ತು ದಿನಕ್ಕೆರಡು ಸಲ ಬದಲಾಗಲಿ.

ಹೆಣ್ಣಿನ ಜೊತೆ ಯಾವಾಗ ಬಿಡಬಹುದು?

ಆರು ವಾರ ಕಳೆದ ಮೇಲೆ. ವೃಷಣ ತೆಗೆದ ನಂತರವೂ ನಾಳಗಳಲ್ಲಿ ಉಳಿದ ವೀರ್ಯದಿಂದ ಕೆಲವು ವಾರ ಗರ್ಭ ನಿಲ್ಲಬಹುದು. ನಾಲ್ಕು ವಾರ ಸಾಕೆನ್ನುವವರಿದ್ದಾರೆ, ಆದರೆ ಇಷ್ಟೆಲ್ಲ ಮಾಡಿ ಎರಡು ವಾರಕ್ಕಾಗಿ ಆತುರಪಡುವುದು ಜಾಣತನವಲ್ಲ. ಅಲ್ಲಿಯವರೆಗೆ ಎರಡೂ ಒಂದನ್ನೊಂದು ನೋಡುವಂತೆ, ಕೂಗು ಕೇಳುವಂತೆ ಪಕ್ಕಪಕ್ಕದಲ್ಲಿರಲಿ. ಜಾಲರಿಯ ಕಿಂಡಿ ಸಣ್ಣದಿರಬೇಕು, ದೊಡ್ಡ ಕಿಂಡಿಯ ಮೂಲಕವೂ ಕೂಡಬಲ್ಲವು. ಜೊತೆಗಾರ ಗಂಡೇ ಆಗಿದ್ದು, ಸಾಧು ಸ್ವಭಾವದ್ದಾದರೆ, ವೈದ್ಯರು ಒಪ್ಪಿದರೆ ಪೂರ್ತಿ ಎಚ್ಚರವಾದ ಮೇಲೆ ಒಟ್ಟಿಗೆ ಬಿಡಬಹುದು. ಗಾಯ ನೆಕ್ಕುವುದು ಅಥವಾ ಮೇಲೇರುವುದು ಕಂಡರೆ ಬೇರ್ಪಡಿಸಿ.

ಎರಡು ಗಂಡುಗಳ ಜಗಳ ಇದರಿಂದ ನಿಲ್ಲುತ್ತದೆಯೇ?

ನಿಲ್ಲುತ್ತದೆಂದು ನಂಬಿ ಮಾಡಿಸಬೇಡಿ. ಗಂಡುಗಳ ಜಗಳಕ್ಕೆ ಹೆಚ್ಚಾಗಿ ಇಕ್ಕಟ್ಟಾದ ಜಾಗ, ಒಂದೇ ನೀರಿನ ಬಾಟಲಿ, ಒಂದೇ ಅಡಗುತಾಣ, ಸುತ್ತಲಿನ ಹೆಣ್ಣಿನ ವಾಸನೆ ಕಾರಣ. ಜಾಗ ಹೆಚ್ಚಿಸಿ, ಎಲ್ಲವನ್ನೂ ಎರಡೆರಡು ಇಟ್ಟು ನೋಡಿ. ರಕ್ತ ಬರುವಂತೆ ಕಚ್ಚಾಡುವ ಗಂಡುಗಳು ಶಸ್ತ್ರಚಿಕಿತ್ಸೆಯ ನಂತರವೂ ಒಟ್ಟಿಗೆ ಬಾಳದಿರಬಹುದು. ಅಂಥ ಗಂಡಿಗೆ ಆರು ವಾರದ ನಂತರ ಒಂದೆರಡು ಹೆಣ್ಣುಗಳ ಸಂಗ ಕೊಟ್ಟರೆ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ.